ಅಂಗಳದ ಮೂಲೆಯ ಸೈಕಲ್ಲಿಗೆ ಮತ್ತೆ ಗಾಳಿ ತುಂಬೋಣ

ಐವತ್ತು ದಾಟಿದ ಇಬ್ಬರು ಎದುರಾದರೆ ಮಳೆ-ಬೆಳೆಯ ಮಾತಿಗಿಂತ ಮೊದಲು ಸಕ್ಕರೆ ಕಾಯಿಲೆಯ ಮಾತು ಬರುವ ಕಾಲವಿದು. ಯಾರಿಗೆ ರಕ್ತದೊತ್ತಡ ಎಷ್ಟಿದೆ, ಯಾರ ಮೊಣಕಾಲು ಸವೆದಿದೆ, ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದೇ ಕಟ್ಟೆಯ ಮೇಲಿನ ಚರ್ಚೆಯಾಗಿದೆ. ಇವರೆಲ್ಲರಿಗೂ ವೈದ್ಯರು ಹೇಳುವ ಮಾತು ಒಂದೇ: ದೇಹಕ್ಕೆ ಶ್ರಮ ಕೊಡಿ. ಆ ಮಾತನ್ನು ಪಾಲಿಸಲು ಹೊರಟವರಲ್ಲಿ ಕೆಲವರು ಸಾಲ ಮಾಡಿಯಾದರೂ ಮನೆಗೆ ವ್ಯಾಯಾಮದ ಯಂತ್ರ ತರಿಸುತ್ತಾರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ಒದ್ದೆ ಬಟ್ಟೆ ಹರವುವ ಗೂಟವಾಗುತ್ತದೆ. ಅದೇ ಮನೆಯ ಹಿತ್ತಲಿಗೆ ಹೋಗಿ ನೋಡಿದರೆ, ಹಳೆಯ ಗೋಣಿಚೀಲಗಳ ಹಿಂದೆ, ಗಾಳಿಯಿಳಿದ ಎರಡು ಚಕ್ರಗಳ ಮೇಲೆ ಒಂದು ಸೈಕಲ್ಲು ಗೋಡೆಗೆ ಒರಗಿ ನಿಂತಿರುತ್ತದೆ.

ಆ ಸೈಕಲ್ಲಿನ ಪರವಾಗಿ ನಾಲ್ಕು ಮಾತು ಹೇಳುವುದಕ್ಕಾಗಿ ಈ ಲೇಖನ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ಕುಟುಂಬಕ್ಕೆ ಎಟುಕುವ ಅತ್ಯುತ್ತಮ ವ್ಯಾಯಾಮ ಸಾಧನವೆಂದರೆ ಗಟ್ಟಿಯಾದ ಸಾದಾ ಉಕ್ಕಿನ ಸೈಕಲ್ಲು. ಅದು ಹೊಸದೇ ಆಗಿರಬೇಕಿಲ್ಲ, ಅದಕ್ಕೆ ಗೇರುಗಳೂ ಬೇಕಿಲ್ಲ. ಆದರೆ ಅದು ಸವಾರಿ ಮಾಡುವವರ ಮೈಗೆ ಹೊಂದಿರಬೇಕು ಮತ್ತು ಅದನ್ನು ನೋಡಿಕೊಳ್ಳುವ ಕೈ ಮನೆಯಲ್ಲಿಯೇ ಇರಬೇಕು. ಈ ಎರಡು ಇಲ್ಲದಿದ್ದರೆ ಎಷ್ಟು ಬೆಲೆಯ ಸೈಕಲ್ಲಾದರೂ ನೋವನ್ನೋ ಅಪಾಯವನ್ನೋ ತಂದೀತು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೊದಲು ಮೊಣಕಾಲಿನಿಂದ, ಆಮೇಲೆ ಮುರಿದ ಮಣಿಕಟ್ಟಿನಿಂದ ಕಲಿತೆ.

ಹೊಳೆಯುವ ಸೈಕಲ್ಲು ಕೊಟ್ಟ ನೋವು

ನಾನು ಗದಗ ಸೀಮೆಯ ಎರೆಮಣ್ಣಿನ ಊರಿನವನು. ಪ್ರೌಢಶಾಲೆಯಲ್ಲಿ ಶಿಕ್ಷಕನಾಗಿದ್ದು ನಿವೃತ್ತನಾದವನು. ನಿವೃತ್ತಿಗೆ ಎರಡು ವರ್ಷ ಮುಂಚೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ದಿನವೂ ನಡೆಯಿರಿ ಎಂದರು ವೈದ್ಯರು. ನಡೆದೆ, ಆದರೆ ಮೊದಲೇ ಸೊರಗಿದ್ದ ಮೊಣಕಾಲು ಒಂದು ಮೈಲಿಗೆ ಸೋಲುತ್ತಿತ್ತು. ಹಾಗಾದರೆ ಸೈಕಲ್ ತುಳಿಯಿರಿ ಎಂದರು. ಮಗ ಪಟ್ಟಣದ ಅಂಗಡಿಯೊಂದರಿಂದ ಹದಿನೆಂಟು ಗೇರುಗಳ, ಮುಂದೆಯೂ ಹಿಂದೆಯೂ ಸ್ಪ್ರಿಂಗು ಇರುವ, ಡಿಸ್ಕ್ ಬ್ರೇಕಿನ ಬಣ್ಣಬಣ್ಣದ ಸೈಕಲ್ಲನ್ನು ತಂದುಕೊಟ್ಟ. ನೋಡಲು ಬಹಳ ಚೆಂದವಿತ್ತು. ಒಂದು ತಿಂಗಳಲ್ಲಿ ನನ್ನ ಮೊಣಕಾಲಿನ ಮುಂಭಾಗ ನಡೆಯುವಾಗ ನೋಯುತ್ತಿದ್ದುದಕ್ಕಿಂತ ಹೆಚ್ಚು ನೋಯತೊಡಗಿತು. ಅಂಗೈಗಳು ಜೋಮು ಹಿಡಿಯುತ್ತಿದ್ದವು. ಎರಡನೆಯ ಮಳೆಗಾಲಕ್ಕೆ ಗೇರಿನ ತಂತಿ ತುಕ್ಕು ಹಿಡಿದು ಬಿಗಿಯಿತು. ಹಿಂದಿನ ಸ್ಪ್ರಿಂಗಿನ ಬುಶ್ ಸವೆದು ಇಡೀ ಹಿಂಭಾಗ ಅಲುಗಾಡತೊಡಗಿತು. ಅದಕ್ಕೆ ಹೊಂದುವ ಬಿಡಿಭಾಗ ನಮ್ಮ ತಾಲ್ಲೂಕಿನಲ್ಲೇ ಸಿಗಲಿಲ್ಲ.

ಸೈಕಲ್ಲನ್ನು ಮಾರಿಬಿಡಬೇಕೆಂದು ಬಸ್ ನಿಲ್ದಾಣದ ಎದುರಿನ ಸೈಕಲ್ ಅಂಗಡಿಯ ಹಿರಿಯ ಮೇಸ್ತ್ರಿಯವರ ಬಳಿಗೆ ತಳ್ಳಿಕೊಂಡು ಹೋದೆ. ಅವರು ಸೈಕಲ್ಲಿಗಿಂತ ಮೊದಲು ನನ್ನನ್ನು ನೋಡಿದರು. "ಒಂದ್ಸಲ ಹತ್ತಿ ತೋರಸ್ರಿ ಮಾಸ್ತರ" ಎಂದರು. ಹತ್ತಿದೆ. "ಸೀಟು ಒಂದು ಗೇಣು ತಗ್ಗೈತ್ರಿ. ಮೊಣಕಾಲು ಎದಿಗೆ ಬಡಿಯೂಹಂಗ ತುಳದ್ರ ನೋಯದ ಏನ್ ಮಾಡೀತ್ರಿ? ಫ್ರೇಮೂ ಸಣ್ಣದೈತಿ, ಇದು ಹುಡುಗರದು. ನಿಮ್ಮ ಅಪ್ಪಾರ ಕರೇ ಸೈಕಲ್ ಎಲ್ಲೈತ್ರಿ?" ಎಂದು ಕೇಳಿದರು.

ತಂದೆಯವರ ಕಪ್ಪು ಸೈಕಲ್ಲು ಹಿತ್ತಲಲ್ಲಿತ್ತು. ಅದರ ಫ್ರೇಮಿನ ಹೊರತಾಗಿ ಬಹುತೇಕ ಎಲ್ಲವನ್ನೂ ಬದಲಿಸಬೇಕಾಯಿತು. ಆದರೂ ಒಟ್ಟು ಖರ್ಚು ಆ ಹೊಳೆಯುವ ಸೈಕಲ್ಲಿಗೆ ತೆತ್ತ ಹಣದ ಮೂರನೆಯ ಒಂದು ಪಾಲನ್ನು ಮೀರಲಿಲ್ಲ. ಅಂದಿನಿಂದ ಇಂದಿನವರೆಗೆ ಅದೇ ನನ್ನ ಸಂಗಾತಿ.

ಸೈಕಲ್ಲೇ ಏಕೆ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. ಅಂದರೆ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯಾದರೂ ಬೇಕು. ಪಕ್ಕದವರೊಡನೆ ಮಾತನಾಡಬಹುದು, ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ಶ್ರಮವೇ ಮಧ್ಯಮ ತೀವ್ರತೆ. ಸಮತಟ್ಟಾದ ರಸ್ತೆಯಲ್ಲಿ ಸಾದಾ ಸೈಕಲ್ಲನ್ನು ತುಸು ಚುರುಕಾಗಿ ತುಳಿದರೆ ಅಷ್ಟು ಶ್ರಮ ತಾನಾಗಿಯೇ ಒದಗುತ್ತದೆ.

ಸೈಕಲ್ ಸವಾರಿಯಲ್ಲಿ ದೇಹದ ಭಾರವನ್ನು ಸೀಟು ಹೊರುತ್ತದೆ. ಪ್ರತಿ ಹೆಜ್ಜೆಗೂ ನೆಲದಿಂದ ಬರುವ ಪೆಟ್ಟು ಕೀಲುಗಳಿಗೆ ತಾಗುವುದಿಲ್ಲ. ಆದ್ದರಿಂದ ತೂಕ ಹೆಚ್ಚಿರುವವರಿಗೂ ಮೊಣಕಾಲು ನೋವಿರುವವರಿಗೂ ಇದು ಓಟಕ್ಕಿಂತ ಹಿತಕರ. ತೊಡೆಯ ಸ್ನಾಯುಗಳು ದೇಹದ ಅತಿ ದೊಡ್ಡ ಸ್ನಾಯುಗಳ ಸಾಲಿಗೆ ಸೇರುತ್ತವೆ. ಅವು ದುಡಿಯುವಾಗ ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಮಧುಮೇಹಿಗಳಿಗೆ ಇದರಿಂದಾಗುವ ಪ್ರಯೋಜನವನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟಾದರೂ ಸೈಕಲ್ಲೇ ಸರ್ವಸ್ವವೆಂದು ನಾನು ಹೇಳಲಾರೆ. ದೇಹದ ಭಾರ ಕಾಲಿನ ಮೇಲೆ ಬೀಳದ ಕಾರಣ ಮೂಳೆಗಳಿಗೆ ಇದರಿಂದ ಹೆಚ್ಚಿನ ಬಲ ಸಿಗುವುದಿಲ್ಲ. ಹಾಗಾಗಿ ಸೈಕಲ್ಲಿನ ಜೊತೆಗೆ ಅಲ್ಪಸ್ವಲ್ಪ ನಡಿಗೆಯೂ ಇರಲಿ.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವ್ಯಾಯಾಮಕ್ಕೆಂದೇ ಸಮಯ ತೆಗೆದಿಡುವುದು ಬಹಳ ಜನರಿಂದ ಆಗುವುದಿಲ್ಲ. ಹೊಲಕ್ಕೆ, ಸಂತೆಗೆ, ಬ್ಯಾಂಕಿಗೆ, ಡೈರಿಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೋದರೆ ದಿನದ ಕೆಲಸದೊಳಗೇ ವ್ಯಾಯಾಮ ಬೆರೆತುಹೋಗುತ್ತದೆ. ಅಂಥ ವ್ಯಾಯಾಮ ವರ್ಷಗಟ್ಟಲೆ ಉಳಿಯುತ್ತದೆ.

ಫ್ರೇಮನ್ನು ಪರೀಕ್ಷಿಸುವ ಬಗೆ

ಸೈಕಲ್ಲಿನಲ್ಲಿ ಫ್ರೇಮು ಒಂದೇ ಬಹುಕಾಲ ಬಾಳುವ ವಸ್ತು. ಉಳಿದವೆಲ್ಲ ಇಂದೋ ನಾಳೆಯೋ ಸವೆಯುವಂಥವು. ಆದ್ದರಿಂದ ಹಳೆಯ ಸೈಕಲ್ಲನ್ನು ಕಟ್ಟಿಸುವಾಗ ಮೊದಲು ಪರೀಕ್ಷಿಸಬೇಕಾದದ್ದು ಫ್ರೇಮನ್ನೇ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಮದ್ರಾಸು, ಸೋನಿಪತ್, ಲೂಧಿಯಾನಗಳ ಕಾರ್ಖಾನೆಗಳಿಂದ ಹೊರಬಂದ ಕಪ್ಪು ಸೈಕಲ್ಲುಗಳು ಉಕ್ಕಿನ ಕೊಳವೆಗಳಿಂದ ಮಾಡಿದವು. ಅವು ಸುಮಾರು 20 ಕಿಲೋ ತೂಗುತ್ತವೆ, ಭಾರವೆಂಬುದು ನಿಜ. ಆದರೆ ಉಕ್ಕು ಬಿರುಕು ಬಿಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೂ ಬೆಸೆಯಬಹುದು, ತುಸು ಬಾಗಿದರೆ ನೆಟ್ಟಗೆ ಮಾಡಬಹುದು. ಅಲ್ಯುಮಿನಿಯಂ ಫ್ರೇಮಿಗೆ ಆ ಅನುಕೂಲವಿಲ್ಲ. ಹಳ್ಳಿಯವರಾದ ನಮಗೆ ದುರಸ್ತಿಗೆ ಒಗ್ಗುವ ವಸ್ತುವೇ ನಿಜವಾಗಿ ಅಗ್ಗದ ವಸ್ತು.

ಬಿರುಕು ಸಾಮಾನ್ಯವಾಗಿ ಕಾಣಿಸುವುದು ಹ್ಯಾಂಡಲ್ಲಿನ ಕೆಳಗಿನ ಕೊಳವೆಗೆ ಅಡ್ಡಪಟ್ಟಿಗಳು ಸೇರುವ ಜಾಗದಲ್ಲಿ, ಪೆಡಲ್ಲಿನ ಎಕ್ಸೆಲ್ ಕೂರುವ ಗುಂಬದ ಸುತ್ತ ಮತ್ತು ಮುಂದಿನ ಫೋರ್ಕಿನ ಮೇಲ್ತುದಿಯಲ್ಲಿ. ಅಲ್ಲಿನ ಧೂಳನ್ನು ಒರಸಿ, ಬಣ್ಣದ ಮೇಲೆ ಕೂದಲೆಳೆಯಂತಹ ತುಕ್ಕಿನ ಗೆರೆಯಿದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಬೇಕು. ಮೇಲ್ಮೈಯ ತುಕ್ಕಿಗೆ ಅಂಜಬೇಕಿಲ್ಲ. ಉಜ್ಜಿ ಬಣ್ಣ ಬಳಿದರೆ ಹೋಗುತ್ತದೆ. ಬೆರಳಿನಿಂದ ಒತ್ತಿದಾಗ ಪದರ ಪದರವಾಗಿ ಉದುರುವ ತುಕ್ಕಾದರೆ ಆ ಫ್ರೇಮನ್ನು ಗುಜರಿಗೆ ಕೊಡುವುದೇ ಕ್ಷೇಮ. ಬಿರುಕು ಫೋರ್ಕಿನಲ್ಲಿದ್ದರೆ ಬೆಸೆಯುವ ಆಸೆ ಬೇಡ, ಹೊಸ ಫೋರ್ಕನ್ನೇ ಹಾಕಿಸಿರಿ. ಅದು ಮುರಿದರೆ ಸವಾರ ಮುಖವಡಿಯಾಗಿ ಬೀಳುತ್ತಾನೆ.

ಫ್ರೇಮು ಸೊಟ್ಟಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರವನ್ನು ಬಿಚ್ಚಿ, ಎಕ್ಸೆಲ್ ಕೂರುವ ಎಡಗಡೆಯ ತುದಿಗೆ ದಾರ ಕಟ್ಟಿ, ಹ್ಯಾಂಡಲ್ಲಿನ ಕೆಳಗಿನ ಕೊಳವೆಯನ್ನು ಬಳಸಿ ತಂದು ಬಲಗಡೆಯ ತುದಿಗೆ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೆಳಗಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ಅಂತರ ಸಮವಾಗಿದ್ದರೆ ಫ್ರೇಮು ನೆಟ್ಟಗಿದೆ ಎಂದರ್ಥ.

ಅಳತೆಯ ಮಾತನ್ನೂ ಮರೆಯಬಾರದು. ನಮ್ಮಲ್ಲಿ 22 ಮತ್ತು 24 ಇಂಚಿನ ಫ್ರೇಮುಗಳ ಕಪ್ಪು ಸೈಕಲ್ಲುಗಳು ಹೆಚ್ಚು. ಅಡ್ಡಪಟ್ಟಿಯ ಮೇಲೆ ಕಾಲು ಹಾಕಿ ಎರಡೂ ಪಾದಗಳನ್ನು ನೆಲಕ್ಕೆ ಊರಿ ನಿಂತಾಗ ಪಟ್ಟಿಗೂ ಮೈಗೂ ನಡುವೆ ಒಂದೆರಡು ಇಂಚು ಅಂತರವಿರಬೇಕು. ಇಲ್ಲದಿದ್ದರೆ ಅದು ನಿಮ್ಮ ಸೈಕಲ್ಲಲ್ಲ, ತಂದೆಯವರದೇ ಆಗಿದ್ದರೂ ಸರಿಯೇ. ಅರವತ್ತು ದಾಟಿದವರಿಗೂ ಧೋತರ-ಸೀರೆ ಉಡುವವರಿಗೂ ಅಡ್ಡಪಟ್ಟಿಯಿಲ್ಲದ ಲೇಡೀಸ್ ಸೈಕಲ್ಲೇ ಉತ್ತಮ. ಕಾಲನ್ನು ಎತ್ತಿ ಹಾಕುವಾಗ ಆಯ ತಪ್ಪುವ ಭಯ ಅದರಲ್ಲಿಲ್ಲ. ಗಂಡಸರು ಅದನ್ನು ತುಳಿಯಲು ನಾಚುವುದು ನನಗೆ ಅರ್ಥವಾಗದ ಸಂಗತಿ. ತೊಡೆಯ ಮೂಳೆ ಮುರಿದುಕೊಂಡು ಮೂರು ತಿಂಗಳು ಮಲಗುವುದಕ್ಕಿಂತ ಆ ನಾಚಿಕೆ ದೊಡ್ಡದೇ?

ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ನಾನು ಕಂಡುಕೊಂಡ ಸೂತ್ರ ಸರಳವಾದುದು. ನೆಲಕ್ಕೆ ತಾಗುವ ಭಾಗ, ಮೈಗೆ ತಾಗುವ ಭಾಗ, ನಿಲ್ಲಿಸುವ ಭಾಗ ಈ ಮೂರಕ್ಕೆ ಹಣ ಹಾಕಬೇಕು. ನೋಡುವವರ ಕಣ್ಣಿಗೆ ತಾಗುವ ಭಾಗಕ್ಕೆ ಕಾಸೂ ಹಾಕಬಾರದು.

ನೆಲಕ್ಕೆ ತಾಗುವುದು ಟಯರು. ಹಳೆಯ ಟಯರಿನ ಪಕ್ಕದ ಗೋಡೆ ಒಡೆದಿದ್ದರೆ, ಹಲ್ಲು ಸವೆದಿದ್ದರೆ, ಯೋಚಿಸದೆ ಎರಡೂ ಟಯರು-ಟ್ಯೂಬುಗಳನ್ನು ಬದಲಿಸಿರಿ. ಅಂಗಡಿಯಲ್ಲಿ ಎರಡು ಮೂರು ದರ್ಜೆಯವು ಇರುತ್ತವೆ. ಮೇಲಿನ ದರ್ಜೆಯದನ್ನೇ ಕೇಳಿರಿ. ಬೆಲೆಯ ಅಂತರ ಒಂದು ಹೊತ್ತಿನ ಖಾನಾವಳಿ ಊಟದಷ್ಟು, ಬಾಳಿಕೆಯ ಅಂತರ ವರ್ಷಗಳಷ್ಟು. ನಮ್ಮ ಸೀಮೆಯ ಜಾಲಿಮುಳ್ಳಿಗೆ ತೆಳುವಾದ ಟಯರು ಒಂದು ವಾರವೂ ನಿಲ್ಲುವುದಿಲ್ಲ.

ಮೈಗೆ ತಾಗುವುದು ಸೀಟು, ಹ್ಯಾಂಡಲ್ಲಿನ ಹಿಡಿಕೆ ಮತ್ತು ಪೆಡಲ್ಲು. ಬಹಳ ಮೆತ್ತನೆಯ ಸೀಟನ್ನು ಕಂಡು ಮರುಳಾಗಬೇಡಿರಿ. ಕೂರುವ ಎಲುಬುಗಳಿಗೆ ಆಸರೆ ಸಿಗುವಷ್ಟು ಅಗಲವೂ ಗಟ್ಟಿಯೂ ಆಗಿರುವ ಸೀಟೇ ಅರ್ಧ ಗಂಟೆಯ ಸವಾರಿಗೆ ಹಿತ. ಪೆಡಲ್ಲಿನ ರಬ್ಬರು ಸವೆದು ನುಣುಪಾಗಿದ್ದರೆ ಮಳೆಯಲ್ಲಿ ಕಾಲು ಜಾರುತ್ತದೆ, ಅದನ್ನೂ ಬದಲಿಸಬೇಕು. ಪೆಡಲ್ಲನ್ನು ನೀವೇ ಬಿಚ್ಚುವುದಾದರೆ ಒಂದು ಮಾತು ನೆನಪಿರಲಿ: ಬಲ ಪೆಡಲ್ಲಿನ ಮರೆ ಸಾಮಾನ್ಯದ್ದು, ಎಡ ಪೆಡಲ್ಲಿನ ಮರೆ ಉಲ್ಟಾ. ಇದನ್ನು ತಿಳಿಯದೆ ಜೋರು ಮಾಡಿ ಎಷ್ಟೋ ಜನ ಮರೆ ಕೆಡಿಸಿಕೊಂಡಿದ್ದಾರೆ.

ನಿಲ್ಲಿಸುವ ಭಾಗ ಬ್ರೇಕು. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಕಣ್ಣಿಗೆ ಕಾಣದಿದ್ದರೂ ಹಣ ಬೇಡುವ ಇನ್ನೊಂದು ಭಾಗವಿದೆ, ಅದೇ ಬೇರಿಂಗು. ಎರಡು ಚಕ್ರಗಳ ಹಬ್ಬುಗಳು, ಪೆಡಲ್ಲಿನ ಎಕ್ಸೆಲ್ ಮತ್ತು ಹ್ಯಾಂಡಲ್ಲಿನ ಕೊಳವೆ ಈ ನಾಲ್ಕೂ ಕಡೆ ಉಕ್ಕಿನ ಗುಂಡುಗಳು ತಿರುಗುತ್ತವೆ. ಗುಂಡುಗಳ ಬೆಲೆ ಬಹಳ ಕಡಿಮೆ. ಹಳೆಯವನ್ನು ತೊಳೆದು ಮತ್ತೆ ಹಾಕುವ ಬದಲು ಓವರ್‌ಹಾಲಿಂಗ್ ಮಾಡಿಸುವಾಗ ಎಲ್ಲವನ್ನೂ ಹೊಸದಾಗಿ ಹಾಕಿಸಿ ಗ್ರೀಸು ತುಂಬಿಸಿರಿ. ಕೋನಿನ ಮೇಲೆ ಗುಳಿ ಬಿದ್ದಿದ್ದರೆ ಕೋನನ್ನೂ ಬದಲಿಸಬೇಕು. ನನ್ನ ಸೈಕಲ್ಲು ಮೊದಲು ಕಲ್ಲಿನಂತೆ ಭಾರವೆನಿಸುತ್ತಿತ್ತು. ಈ ಒಂದು ಕೆಲಸ ಮಾಡಿಸಿದ ಮೇಲೆ ಚಕ್ರವನ್ನು ಎತ್ತಿ ಬೆರಳಿನಿಂದ ತಳ್ಳಿದರೆ ಬಹಳ ಹೊತ್ತು ಸದ್ದಿಲ್ಲದೆ ತಿರುಗುತ್ತಿತ್ತು. ಹಳೆಯ ಸೈಕಲ್ಲು ಭಾರ ಎಂದು ದೂರುವವರು ಎಷ್ಟೋ ಸಲ ದೂರುತ್ತಿರುವುದು ಒಣಗಿದ ಗ್ರೀಸನ್ನು.

ಇನ್ನು ಗೇರಿನ ಮಾತು. ಬಯಲುಸೀಮೆಯ ಸಾಧಾರಣ ಏರಿಳಿತಕ್ಕೆ ಹದಿನೆಂಟು ಗೇರುಗಳ ಅಗತ್ಯವಿಲ್ಲ. ಕಪ್ಪು ಸೈಕಲ್ಲಿನ ಮುಂದಿನ ಚಕ್ರದಲ್ಲಿ ಸಾಮಾನ್ಯವಾಗಿ 48 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇರುತ್ತವೆ. ಪೆಡಲ್ಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 6 ಮೀಟರು ಮುಂದೆ ಸಾಗುತ್ತದೆ. ಇದು ಯುವಕರಿಗೆ ಸರಿ; ಮೊಣಕಾಲು ನೋವಿನವರಿಗೆ ಭಾರ. ಹಿಂದೆ 22 ಹಲ್ಲಿನ ಫ್ರೀವೀಲು ಹಾಕಿಸಿದರೆ ಒಂದು ಸುತ್ತಿಗೆ 5 ಮೀಟರಿನಷ್ಟು ಸಾಗುತ್ತದೆ. ವೇಗ ತುಸು ತಗ್ಗುತ್ತದೆ, ಆದರೆ ತುಳಿತ ಸುಮಾರು ಐದನೆಯ ಒಂದು ಪಾಲಿನಷ್ಟು ಹಗುರಾಗುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು, ಅಷ್ಟೆ. ಘಟ್ಟದ ಊರುಗಳಲ್ಲಿ ದಿನವೂ ಕಡಿದಾದ ಏರು ಹತ್ತುವವರಿಗೆ ಗೇರು ಬೇಕು ಎಂಬುದನ್ನು ಒಪ್ಪುತ್ತೇನೆ. ಅಗ್ಗದ ಸೈಕಲ್ಲುಗಳ ಸ್ಪ್ರಿಂಗುಗಳು ಮಾತ್ರ ಯಾರಿಗೂ ಬೇಡ. ಅವು ಭಾರವನ್ನು ಹೆಚ್ಚಿಸುತ್ತವೆ, ತುಳಿದ ಬಲವನ್ನು ನುಂಗುತ್ತವೆ, ಬೇಗ ಸವೆಯುತ್ತವೆ.

ಸೀಟಿನ ಎತ್ತರ: ಕಾಸಿಲ್ಲದ ಔಷಧ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ. ಗೋಡೆಯ ಆಸರೆಯಲ್ಲಿ ಸೈಕಲ್ಲಿನ ಮೇಲೆ ಕುಳಿತು, ಪೆಡಲ್ಲನ್ನು ಅತ್ಯಂತ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇಡಿರಿ. ಆಗ ಮೊಣಕಾಲು ನೆಟ್ಟಗಾಗಬೇಕು. ಸೊಂಟ ಒಂದು ಕಡೆಗೆ ವಾಲಬಾರದು. ಸವಾರಿಯಲ್ಲಿ ತುಳಿಯುವುದು ಪಾದದ ಮುಂಭಾಗದಿಂದ. ಹಾಗೆ ತುಳಿಯುವಾಗ ಇದೇ ಎತ್ತರದಲ್ಲಿ ಮೊಣಕಾಲು ತುಸುವೇ ಮಡಚಿರುತ್ತದೆ. ಅದೇ ಸರಿಯಾದ ಎತ್ತರ.

ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿರುವುದು ಬಹುಪಾಲು ಕಾರಣ. ಹಿಂಭಾಗ ನೋಯುತ್ತಿದ್ದರೆ ಸೀಟು ಹೆಚ್ಚು ಎತ್ತರವಿರುವುದು ಕಾರಣ. ಅಂಗೈ ಜೋಮು ಹಿಡಿಯುತ್ತಿದ್ದರೆ ಸೀಟಿನ ಮೂಗು ಕೆಳಗೆ ಬಾಗಿದೆಯೇ, ಹ್ಯಾಂಡಲ್ಲು ತೀರ ತಗ್ಗಿದೆಯೇ ನೋಡಬೇಕು. ಸೀಟಿನ ಕೊಳವೆಯನ್ನು ಮೇಲೆತ್ತುವಾಗ ಕನಿಷ್ಠ ಎರಡೂವರೆ ಇಂಚು ಫ್ರೇಮಿನೊಳಗೇ ಉಳಿದಿರಲಿ. ನಮ್ಮ ಜನ ಎರಡೂ ಕಾಲು ನೆಲಕ್ಕೆ ತಾಗಲೆಂದು ಸೀಟನ್ನು ತಗ್ಗಿಸಿಕೊಂಡು ವರ್ಷಗಟ್ಟಲೆ ಮೊಣಕಾಲು ಸವೆಸಿಕೊಳ್ಳುತ್ತಾರೆ. ನಿಲ್ಲುವಾಗ ಸೀಟಿನಿಂದ ಇಳಿದು ಕಾಲೂರುವುದನ್ನು ರೂಢಿ ಮಾಡಿಕೊಂಡರೆ ಆ ಭಯ ಹೋಗುತ್ತದೆ. ಆಯ ತಪ್ಪುವ ಭಯ ತೀರ ಇರುವವರು ಮೊದಲ ಕೆಲವು ದಿನ ಸೀಟನ್ನು ತಗ್ಗಿಸಿಟ್ಟುಕೊಂಡು, ವಾರಕ್ಕೆ ಅರ್ಧ ಇಂಚಿನಂತೆ ಏರಿಸಿಕೊಳ್ಳಬಹುದು.

ಹದಿನೈದು ದಿನದ ಅಲಕ್ಷ್ಯ

ಈಗ ಬ್ರೇಕಿನ ಕಥೆ. ಸೈಕಲ್ಲು ಸರಿಯಾಗಿ ಎರಡು ವರ್ಷ ಕಳೆದಿತ್ತು. ಸಕ್ಕರೆ ಹತೋಟಿಗೆ ಬಂದಿತ್ತು, ಮೊಣಕಾಲು ಸುಮ್ಮನಾಗಿತ್ತು. ನನಗೂ ಸ್ವಲ್ಪ ಗರ್ವ ಬಂದಿತ್ತು. ಬ್ರೇಕು ಹಿಡಿದಾಗಲೆಲ್ಲ ಹಿಂದಿನ ಚಕ್ರದಿಂದ ಕರಕರ ಎಂಬ ಸದ್ದು ಕೇಳಿಬರುತ್ತಿತ್ತು. ನಾಳೆ ನೋಡಿದರಾಯಿತು ಎಂದು ಹದಿನೈದು ದಿನ ದೂಡಿದೆ. ಶ್ರಾವಣದ ಒಂದು ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಹಳ್ಳದ ಕಡೆಗೆ ಇಳಿಯುತ್ತಿದ್ದೆ. ಎದುರಿಗೆ ಚಕ್ಕಡಿಯೊಂದು ಅಡ್ಡ ತಿರುಗಿತು. ಎರಡೂ ಬ್ರೇಕು ಹಿಡಿದೆ; ಸೈಕಲ್ಲು ನಿಲ್ಲಲಿಲ್ಲ. ಎತ್ತುಗಳಿಗೆ ಹಾಯುವುದನ್ನು ತಪ್ಪಿಸಲು ಹೋಗಿ ಜಾಲಿಯ ಬೇಲಿಗೆ ಬಿದ್ದೆ. ಎಡ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ ಹಾಕಿಕೊಂಡು ಮನೆಯಲ್ಲಿ ಕುಳಿತೆ. ಇಳಿದಿದ್ದ ಸಕ್ಕರೆ ಮತ್ತೆ ಏರಿತು.

ಬಿಚ್ಚಿ ನೋಡಿದಾಗ ಬ್ರೇಕಿನ ರಬ್ಬರು ಪೂರ್ತಿ ಸವೆದು ಅದನ್ನು ಹಿಡಿದ ಕಬ್ಬಿಣವೇ ರಿಮ್ಮಿಗೆ ಉಜ್ಜುತ್ತಿತ್ತು. ಆ ಸದ್ದು ಹದಿನೈದು ದಿನ ಹೇಳುತ್ತಿದ್ದುದು ಅದನ್ನೇ. ಹೊಸ ರಬ್ಬರುಗಳ ಬೆಲೆ ಎರಡು ಕಪ್ ಚಹಾದ ಬೆಲೆಗಿಂತ ಬಹಳ ಹೆಚ್ಚೇನೂ ಇರಲಿಲ್ಲ. ತಪ್ಪು ಸೈಕಲ್ಲಿನದಲ್ಲ, ಮೇಸ್ತ್ರಿಯದಲ್ಲ, ಚಕ್ಕಡಿಯವನದಂತೂ ಅಲ್ಲ, ಪೂರ್ತಿ ನನ್ನದು. ಇನ್ನೊಂದು ಸಂಗತಿಯನ್ನೂ ಆಗ ತಿಳಿದುಕೊಂಡೆ: ಹಳೆಯ ಸೈಕಲ್ಲುಗಳ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದಾಗ, ರಬ್ಬರು ಹೊಸದಿದ್ದರೂ, ಬ್ರೇಕು ಬಹಳ ತಡವಾಗಿ ಹಿಡಿಯುತ್ತದೆ. ಮಳೆಯಲ್ಲಿ ಇಳಿಜಾರಿನ ಮುಂಚೆಯೇ ವೇಗ ತಗ್ಗಿಸಬೇಕು, ಇಲ್ಲವೇ ಇಳಿದು ತಳ್ಳಿಕೊಂಡು ಹೋಗಬೇಕು.

ಅಂದಿನಿಂದ ನಾನು ಪಾಲಿಸುತ್ತಿರುವ ನಿಯಮ ಹೀಗಿದೆ. ದಿನವೂ ಹೊರಡುವ ಮುನ್ನ ಎರಡೂ ಟಯರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು, ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡುವುದು. ಇದಕ್ಕೆ ಅರ್ಧ ನಿಮಿಷ ಸಾಕು.

ವಾರಕ್ಕೊಮ್ಮೆ ಗಾಳಿ ತುಂಬುವುದು. ಎಷ್ಟು ಒತ್ತಡವಿರಬೇಕೆಂದು ಟಯರಿನ ಪಕ್ಕದಲ್ಲಿಯೇ ಅಚ್ಚಾಗಿರುತ್ತದೆ. ಅದೇ ದಿನ ಬ್ರೇಕಿನ ರಬ್ಬರು ಎಷ್ಟು ಉಳಿದಿದೆ ಎಂದು ಕಣ್ಣು ಹಾಯಿಸುವುದು ಮತ್ತು ಟಯರಿಗೆ ಚುಚ್ಚಿಕೊಂಡ ಮುಳ್ಳುಗಳನ್ನು ಕೀಳುವುದು. ಇಂದು ಕಿತ್ತ ಮುಳ್ಳು ನಾಳೆಯ ಪಂಚರನ್ನು ತಪ್ಪಿಸುತ್ತದೆ.

ತಿಂಗಳಿಗೊಮ್ಮೆ ಚೈನನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಅದ್ದಿದ ಬಟ್ಟೆಯಿಂದ ಒರಸಿ, ಪ್ರತಿ ಕೊಂಡಿಗೂ ಒಂದೊಂದು ಹನಿ ಯಂತ್ರದ ಎಣ್ಣೆ ಬಿಟ್ಟು, ಹೊರಗೆ ಉಳಿದುದನ್ನು ಮತ್ತೆ ಒರಸಿಬಿಡುವುದು. ಸೀಮೆಎಣ್ಣೆ ಕೊಳೆ ತೆಗೆಯುತ್ತದೆಯೇ ಹೊರತು ಚೈನನ್ನು ಸವೆತದಿಂದ ಕಾಪಾಡುವುದಿಲ್ಲ. ಕೊಬ್ಬರಿ ಎಣ್ಣೆ ಕ್ರಮೇಣ ಅಂಟಾಗುತ್ತದೆ. ಮೋಟಾರಿನ ಸುಟ್ಟ ಎಣ್ಣೆಯಲ್ಲಿ ಲೋಹದ ಪುಡಿಯಿರುತ್ತದೆ. ಈ ಮೂರನ್ನೂ ಚೈನಿಗೆ ಎಣ್ಣೆಯೆಂದು ಬಳಸಬಾರದು. ರಿಮ್ಮಿಗೆ ಎಣ್ಣೆಯ ಹನಿಯೂ ತಾಗಬಾರದು. ಚೈನಿನ 24 ಕೊಂಡಿಗಳ ಉದ್ದ ಹೊಸದಿದ್ದಾಗ ಸರಿಯಾಗಿ 12 ಇಂಚು ಇರುತ್ತದೆ. ಅದು ಎಂಟನೆಯ ಒಂದಂಶ ಇಂಚು ಹಿಗ್ಗಿದ್ದರೆ ಚೈನು ಬದಲಿಸುವ ಕಾಲ ಬಂದಿತೆಂದು ತಿಳಿಯಿರಿ. ತಡಮಾಡಿದರೆ ಅದು ಚಕ್ರದ ಹಲ್ಲುಗಳನ್ನೂ ತಿನ್ನುತ್ತದೆ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಪೂರ್ತಿ ಓವರ್‌ಹಾಲಿಂಗ್. ಎರೆಮಣ್ಣಿನ ನಾಡಿನವರು ಇನ್ನೊಂದು ಎಚ್ಚರ ವಹಿಸಬೇಕು. ಮಳೆಯಲ್ಲಿ ಹೊಲದ ದಾರಿ ತುಳಿದರೆ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿಕೊಂಡು ಚಕ್ರವೇ ನಿಂತುಹೋಗುತ್ತದೆ. ಮನೆಗೆ ಬಂದೊಡನೆ ಹಸಿಯಿರುವಾಗಲೇ ಕಡ್ಡಿಯಿಂದ ತೆಗೆದುಬಿಡಿರಿ. ಒಣಗಿದರೆ ಅದು ಸಿಮೆಂಟಿನಂತಾಗುತ್ತದೆ. ನೀರನ್ನು ಜೋರಾಗಿ ಹಬ್ಬಿನ ಮೇಲೆ ಬಿಡಬೇಡಿರಿ. ಒಳಗಿನ ಗ್ರೀಸು ಕೆಡುತ್ತದೆ.

ಕೆಲವು ಆಕ್ಷೇಪಗಳು

ಸೈಕಲ್ಲು ಬಡವರ ವಾಹನ, ನಿವೃತ್ತರು ತುಳಿದರೆ ಜನ ಏನೆಂದುಕೊಂಡಾರು ಎಂಬುದು ಮೊದಲ ಆಕ್ಷೇಪ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಹಾಗೆ ಅಂದುಕೊಂಡವರಲ್ಲಿ ಇಬ್ಬರು ಈಗ ಬೆಳಿಗ್ಗೆ ನನ್ನ ಜೊತೆಗೆ ತುಳಿಯುತ್ತಾರೆ. ದುಡಿದು ತಿನ್ನುವುದಕ್ಕೆ ನಾಚದ ಪರಂಪರೆಯಲ್ಲಿ ಬೆಳೆದ ನಾವು ಸ್ವಂತ ಕಾಲಿನ ಬಲದಿಂದ ಸಾಗುವುದಕ್ಕೆ ನಾಚುವುದು ತರವಲ್ಲ.

ರಸ್ತೆಗಳು ಸುರಕ್ಷಿತವಲ್ಲ ಎಂಬುದು ಎರಡನೆಯ ಆಕ್ಷೇಪ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಹೆದ್ದಾರಿಯಲ್ಲಿ ಸೈಕಲ್ ತುಳಿಯಿರಿ ಎಂದು ಯಾರಿಗೂ ಹೇಳಲಾರೆ. ಊರೊಳಗಿನ ಓಣಿಗಳು, ಕೆರೆಯ ಏರಿ, ಹೊಲದ ದಾರಿ, ವಾಹನಗಳು ಕಡಿಮೆಯಿರುವ ಬೆಳಗಿನ ಹೊತ್ತು ಇವನ್ನು ಆರಿಸಿಕೊಳ್ಳಿರಿ. ಬಿಳಿಯ ಬಟ್ಟೆ ತೊಡಿರಿ, ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಹಾಕಿಸಿರಿ, ತಲೆಗೆ ಹೆಲ್ಮೆಟ್ ಇರಲಿ. ಕತ್ತಲಾದ ಮೇಲೆ ದೀಪವಿಲ್ಲದೆ ಹೊರಡಬೇಡಿರಿ.

ಆರೋಗ್ಯದ ವಿಷಯದಲ್ಲಿಯೂ ಎಚ್ಚರ ಬೇಕು. ಹೃದಯದ ತೊಂದರೆ ಇರುವವರು, ತಲೆಸುತ್ತು ಬರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಒಂದಿಷ್ಟು ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಂಡಿರಬೇಕು. ಕೈ ನಡುಗಿ ಬೆವರು ಬಂದರೆ ಇಳಿದು ತಿಂದು ಕೂರಬೇಕು. ಮಧುಮೇಹಿಗಳು ಬರಿಗಾಲಿನಲ್ಲಿ ತುಳಿಯಬಾರದು; ಮನೆಗೆ ಬಂದ ಮೇಲೆ ಪಾದಗಳಲ್ಲಿ ಗಾಯವಾಗಿದೆಯೇ ಎಂದು ನೋಡಿಕೊಳ್ಳಬೇಕು. ಎದೆಯಲ್ಲಿ ಒತ್ತು ಬಂದಂತಾದರೆ ಕೂಡಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಬೇಕು.

ಹಂಚಿದೆವು, ಕಲಿಸಲಿಲ್ಲ

ಮುಗಿಸುವ ಮುನ್ನ ಮನಸ್ಸಿನಲ್ಲಿ ಬಹುದಿನದಿಂದ ಕುಳಿತಿರುವ ಒಂದು ಮಾತು. ನಮ್ಮ ರಾಜ್ಯ ಸರ್ಕಾರ 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಕೊಟ್ಟಿತು. ನಮ್ಮ ಶಾಲೆಯಲ್ಲಿ ನಾನೂ ನಿಂತು ಹಂಚಿದ್ದೇನೆ. ಅದುವರೆಗೆ ನಡೆದು ಬರುತ್ತಿದ್ದ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ಲಿನಲ್ಲಿ ಬರುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಆದರೆ ಆ ಮಕ್ಕಳಿಗೆ ಚೈನಿಗೆ ಎಣ್ಣೆ ಹೇಗೆ ಬಿಡಬೇಕು, ಬ್ರೇಕಿನ ರಬ್ಬರನ್ನು ಯಾವಾಗ ಬದಲಿಸಬೇಕು, ಪಂಚರು ಹೇಗೆ ಹಾಕಬೇಕು ಎಂಬುದನ್ನು ಒಂದು ದಿನವೂ ಕಲಿಸಲಿಲ್ಲ. ಗಣಿತ ಕಲಿಸುತ್ತಿದ್ದ ನನಗೆ ಅದು ನನ್ನ ಕೆಲಸವೆಂದು ತೋರಲೇ ಇಲ್ಲ. ಆ ಸೈಕಲ್ಲುಗಳಲ್ಲಿ ಎಷ್ಟೋ ಇಂದು ಹಿತ್ತಲುಗಳಲ್ಲಿ ತುಕ್ಕು ತಿನ್ನುತ್ತಿವೆ. ಬಹಳಷ್ಟಕ್ಕೆ ಬೇಕಾಗಿರುವುದು ಎರಡು ಟಯರು, ಒಂದಿಷ್ಟು ಗುಂಡುಗಳು, ಸ್ವಲ್ಪ ಗ್ರೀಸು.

ಅದರ ಪ್ರಾಯಶ್ಚಿತ್ತವೆಂಬಂತೆ ಈಗ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಪಂಪು, ಎರಡು ಪಾನ, ಪಂಚರಿನ ಸಾಮಾನು ಮತ್ತು ಎಣ್ಣೆಯ ಡಬ್ಬಿ ಇಟ್ಟುಕೊಂಡು ಕೂರುತ್ತೇನೆ. ಓಣಿಯ ಮಕ್ಕಳು ಬರುತ್ತಾರೆ. ನಾನು ಮಾಡಿಕೊಡುವುದಿಲ್ಲ, ಅವರ ಕೈಯಿಂದಲೇ ಮಾಡಿಸುತ್ತೇನೆ. ನನ್ನ ಕೈಮೀರಿದ ಕೆಲಸವಿದ್ದರೆ ಬಸ್ ನಿಲ್ದಾಣದ ಮೇಸ್ತ್ರಿಯವರ ಬಳಿಗೆ ಕಳಿಸುತ್ತೇನೆ. ಅವರ ಅಂಗಡಿಗೂ ನಾಲ್ಕು ಕಾಸು ಸಿಗಬೇಕು; ಅವರು ಬಾಗಿಲು ಹಾಕಿದರೆ ಊರಿನ ಸೈಕಲ್ಲುಗಳೆಲ್ಲ ಅನಾಥವಾಗುತ್ತವೆ. ಕಳೆದ ತಿಂಗಳು ನನ್ನ ಮಗಳ ಶಾಲಾದಿನಗಳ ಸೈಕಲ್ಲನ್ನು ಈ ಮಕ್ಕಳೇ ಸರಿಪಡಿಸಿದರು. ಅಡ್ಡಪಟ್ಟಿಯಿಲ್ಲದ ಆ ಸೈಕಲ್ಲಿನಲ್ಲಿ ಈಗ ನನ್ನ ಮಡದಿ ಸಂತೆಗೆ ಹೋಗುತ್ತಾರೆ.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಹೊಸ ಸೈಕಲ್ಲು ಕೊಳ್ಳುವ ಮುನ್ನ, ವ್ಯಾಯಾಮದ ಯಂತ್ರಕ್ಕೆ ಹಣ ಕಟ್ಟುವ ಮುನ್ನ, ಒಮ್ಮೆ ಹಿತ್ತಲಿಗೆ ಹೋಗಿ ನೋಡಿರಿ. ಅಲ್ಲಿರುವ ಸೈಕಲ್ಲನ್ನು ಹೊರಗೆ ತಂದು, ಧೂಳು ಒರಸಿ, ದಾರ ಕಟ್ಟಿ ಫ್ರೇಮನ್ನು ಪರೀಕ್ಷಿಸಿರಿ. ಅದು ನೆಟ್ಟಗಿದ್ದರೆ ಮೊದಲು ಬ್ರೇಕು, ಆಮೇಲೆ ಟಯರು, ಆಮೇಲೆ ಬೇರಿಂಗು ಸರಿಮಾಡಿಸಿರಿ. ಸೀಟನ್ನು ಹಿಮ್ಮಡಿಯ ಲೆಕ್ಕಕ್ಕೆ ಹೊಂದಿಸಿಕೊಳ್ಳಿರಿ. ಮೊದಲ ದಿನ ಹತ್ತು ನಿಮಿಷ ಸಾಕು. ಬ್ರೇಕಿನಿಂದ ಸದ್ದು ಬಂದರೆ ಮಾತ್ರ ನಾಳೆಗೆ ಬಿಡಬೇಡಿರಿ.